ಎರಡು ಸಲ ಒಡೆದರೂ ಕಾಲು ಪಾಲಾಗದ ಲೆಕ್ಕ: ಅಂಡ, ವೀರ್ಯಾಣುಗಳಲ್ಲಿ 23 ವರ್ಣತಂತು ಉಳಿಯುವುದು ಹೇಗೆ?

ಓದುಗರ ಪ್ರಶ್ನೆ: ನಮ್ಮ ದೇಹದ ಜೀವಕೋಶಗಳಲ್ಲಿ 46 ವರ್ಣತಂತುಗಳಿವೆ, ಅಂಡ ಮತ್ತು ವೀರ್ಯಾಣುಗಳಲ್ಲಿ 23 ಇವೆ ಎಂದು ಪಾಠಪುಸ್ತಕ ಹೇಳುತ್ತದೆ. ಅವು ಮಿಯಾಸಿಸ್ ಎಂಬ ವಿಭಜನೆಯಿಂದ ಆಗುತ್ತವೆ, ಅದರಲ್ಲಿ ಕೋಶ ಎರಡು ಸಲ ಒಡೆಯುತ್ತದೆ ಎಂದೂ ಹೇಳುತ್ತದೆ. ಒಂದು ಸಲ ಒಡೆದರೆ 23, ಇನ್ನೊಂದು ಸಲ ಒಡೆದರೆ ಹನ್ನೊಂದೂವರೆ ಆಗಬೇಕಲ್ಲವೆ? 23ಕ್ಕೇ ನಿಂತಿತು ಅಂತಲೇ ಇಟ್ಟುಕೊಳ್ಳೋಣ. ಅರ್ಧ ಮಾಹಿತಿ ಕಳೆದುಕೊಂಡ ಕೋಶದಿಂದ ಮಗು ಹೇಗೆ ಆಗುತ್ತದೆ?

ಉತ್ತರ: ಮಿಯಾಸಿಸ್‌ನಲ್ಲಿ ಕೋಶ ಎರಡು ಸಲ ಒಡೆಯುವುದು ನಿಜ. ಆದರೆ ಒಡೆಯುವ ಮುಂಚೆ ಪ್ರತಿ ವರ್ಣತಂತುವೂ (ಕ್ರೋಮೋಸೋಮ್, ಅಂದರೆ ಡಿಎನ್‌ಎ ಹೊತ್ತ ರಚನೆ) ಒಂದು ಸಲ ನಕಲಾಗಿರುತ್ತದೆ. ಮೊದಲನೆಯ ವಿಭಜನೆಯಲ್ಲಿ ಜೋಡಿಗಳು ಬೇರೆಯಾಗುತ್ತವೆ. ಸಂಖ್ಯೆ 46ರಿಂದ 23ಕ್ಕೆ ಇಳಿಯುವುದು ಇಲ್ಲೇ. ಎರಡನೆಯದರಲ್ಲಿ ಬೇರೆಯಾಗುವುದು ಮೂಲ ಮತ್ತು ಅದರ ನಕಲು. ಸಂಖ್ಯೆ ಬದಲಾಗುವುದಿಲ್ಲ. ಇನ್ನು ಆ 23 ಎಂದರೆ ರಾಶಿಯಿಂದ ಬಾಚಿಕೊಂಡ ಯಾವುದೋ 23 ಅಲ್ಲ, ಪ್ರತಿ ಜೋಡಿಯಿಂದ ಒಂದೊಂದರಂತೆ ಬಂದ ಪೂರ್ತಿ ಕಟ್ಟು. ಎರಡು ಪ್ರತಿ ಇದ್ದದ್ದು ಒಂದು ಪ್ರತಿ ಆಯಿತು ಅಷ್ಟೇ, ಪುಟಗಳು ಹರಿದುಹೋಗಲಿಲ್ಲ.

"ಅರ್ಧ" ಎಂಬ ಪದವೇ ಇಲ್ಲಿ ದಾರಿ ತಪ್ಪಿಸುತ್ತದೆ ಎನ್ನುವುದು ನಮ್ಮ ಅಭಿಪ್ರಾಯ. ಅದನ್ನು ಸ್ವಲ್ಪ ಬಿಡಿಸಿ ನೋಡಬೇಕು.

ಜೋಡಿಗಳಿಂದ ಶುರು ಮಾಡೋಣ. ಮನುಷ್ಯರ ವರ್ಣತಂತುಗಳಿಗೆ ಹೆಚ್ಚುಕಮ್ಮಿ ಉದ್ದದಿಂದ ಗಿಡ್ಡಕ್ಕೆ 1ರಿಂದ 22ರವರೆಗೆ ನಂಬರು ಕೊಟ್ಟಿದ್ದಾರೆ. 1ನೆಯದು ಎಲ್ಲಕ್ಕಿಂತ ಉದ್ದ, ಸುಮಾರು 25 ಕೋಟಿ ಅಕ್ಷರಗಳ ಡಿಎನ್‌ಎ ಅದರಲ್ಲಿದೆ. 21ನೆಯದು 5 ಕೋಟಿಗೂ ಕಡಿಮೆ. ಪ್ರತಿ ನಂಬರಿನದೂ ಎರಡೆರಡು, ಅಮ್ಮನ ಕಡೆಯಿಂದ ಒಂದು, ಅಪ್ಪನ ಕಡೆಯಿಂದ ಒಂದು. ಇವು 44 ಆದವು. ಉಳಿದ ಎರಡು ಲಿಂಗ ವರ್ಣತಂತುಗಳು: ಹೆಣ್ಣಿನಲ್ಲಿ ಎರಡು ಎಕ್ಸ್, ಗಂಡಿನಲ್ಲಿ ಒಂದು ಎಕ್ಸ್ ಮತ್ತು ಒಂದು ವೈ.

ರಕ್ತದ ಗುಂಪನ್ನು ನಿರ್ಧರಿಸುವ ಜೀನ್ 9ನೆಯ ವರ್ಣತಂತುವಿನಲ್ಲಿದೆ. ಒಬ್ಬರ ಗುಂಪು ಎಬಿ ಆಗಿದ್ದರೆ ಅವರ ಒಂದು 9ರಲ್ಲಿ "ಎ" ಬರೆದಿದೆ, ಇನ್ನೊಂದು 9ರಲ್ಲಿ "ಬಿ" ಬರೆದಿದೆ. ಅವರ ವೀರ್ಯಾಣು ಅಥವಾ ಅಂಡಕ್ಕೆ ಹೋಗುವುದು ಒಂದೇ 9. ಅಲ್ಲಿ ಎ ಇರಬಹುದು, ಬಿ ಇರಬಹುದು, ಆದರೆ ರಕ್ತದ ಗುಂಪಿನ ಜಾಗವೇ ಇಲ್ಲದ ಲಿಂಗಾಣು (ಅಂಡ ಅಥವಾ ವೀರ್ಯಾಣು) ಆಗುವುದಿಲ್ಲ. ಲೆಕ್ಕಕ್ಕೆ 23 ಇದ್ದೂ ಎರಡು 9 ಸೇರಿ 11 ಬಿಟ್ಟುಹೋದ ಲಿಂಗಾಣುವನ್ನು ಊಹಿಸಿಕೊಳ್ಳಿ. ಹಿಮೋಗ್ಲೋಬಿನ್‌ನ ಬೀಟಾ ಸರಪಳಿಯ ಜೀನ್ ಇರುವುದು 11ರಲ್ಲಿ. ಅಂಥ ಲಿಂಗಾಣುವಿನಿಂದ ಭ್ರೂಣ ಬೆಳೆಯಲಾರದು. ಸಂಖ್ಯೆ ಸರಿ, ಕಟ್ಟು ತಪ್ಪು. ಜೀವಕ್ಕೆ ಬೇಕಾಗಿರುವುದು ಸಂಖ್ಯೆಗಿಂತ ಹೆಚ್ಚಾಗಿ ಕಟ್ಟು.

ಕಾಗದ, ಪೆನ್ಸಿಲ್ ತೆಗೆದುಕೊಳ್ಳಿ

46 ಗೆರೆ ಎಳೆದು ಈ ಲೆಕ್ಕ ಮಾಡಲು ಹೋದರೆ ಸಿಕ್ಕಾಗುತ್ತದೆ. ಮಲೆನಾಡಿನ ಕಾಡುಗಳಲ್ಲಿ ನಾಯಿ ಬೊಗಳಿದಂತೆ ಕೂಗುವ ಕಾಡುಕುರಿ ಇದಕ್ಕೆ ಒಳ್ಳೆಯ ಉದಾಹರಣೆ. ಹೆಣ್ಣು ಕಾಡುಕುರಿಯ ದೇಹಕೋಶದಲ್ಲಿ ಇರುವುದು 6 ವರ್ಣತಂತು ಮಾತ್ರ. ಸಸ್ತನಿಗಳಲ್ಲಿ ಇದಕ್ಕಿಂತ ಕಡಿಮೆ ಇನ್ನೆಲ್ಲೂ ಸಿಕ್ಕಿಲ್ಲ.

ಉದ್ದ, ಮಧ್ಯಮ, ಗಿಡ್ಡ ಎಂದು ಮೂರು ಅಳತೆಯ ಗೆರೆ ಎಳೆಯಿರಿ. ಪ್ರತಿ ಅಳತೆಯಲ್ಲೂ ಒಂದು ಕೆಂಪು (ತಾಯಿಯದು), ಒಂದು ನೀಲಿ (ತಂದೆಯದು). ಒಟ್ಟು 6. ಪ್ರತಿ ಗೆರೆಯ ಮೇಲೂ ಒಂದು ಚುಕ್ಕಿ ಇಡಿ. ಅದು ಸೆಂಟ್ರೋಮಿಯರ್, ವಿಭಜನೆಯ ಹೊತ್ತಿನಲ್ಲಿ ಎಳೆಯುವ ನೂಲುಗಳು ಹಿಡಿದುಕೊಳ್ಳುವ ಜಾಗ. ಎಣಿಸುವ ನಿಯಮ ಒಂದೇ: ಎಷ್ಟು ಚುಕ್ಕಿಯೋ ಅಷ್ಟು ವರ್ಣತಂತು. ಎಳೆಗಳನ್ನು ಎಣಿಸಬೇಡಿ, ಚುಕ್ಕಿಗಳನ್ನು ಎಣಿಸಿ.

ಈಗ ನಕಲು ಮಾಡಿ. ಪ್ರತಿ ಗೆರೆಯ ಪಕ್ಕದಲ್ಲೇ ಅದೇ ಬಣ್ಣದ, ಅದೇ ಉದ್ದದ ಇನ್ನೊಂದು ಗೆರೆ. ಎರಡೂ ಒಂದೇ ಚುಕ್ಕಿಯಲ್ಲಿ ಕೂಡಿರಲಿ. ಈ ಅವಳಿ ಎಳೆಗಳಲ್ಲಿ ಒಂದೊಂದನ್ನೂ ಕ್ರೊಮ್ಯಾಟಿಡ್ ಎನ್ನುತ್ತಾರೆ. ಎಳೆ 12 ಆಯಿತು, ಚುಕ್ಕಿ 6ರಲ್ಲೇ ಇದೆ. ಆದ್ದರಿಂದ ವರ್ಣತಂತು ಇನ್ನೂ 6. ಬಹಳ ವಿದ್ಯಾರ್ಥಿಗಳು ಎಡವುವುದು ಈ ಮೆಟ್ಟಿಲಲ್ಲೇ. ಇಲ್ಲಿ 12 ವರ್ಣತಂತು ಎಂದು ಬರೆದುಬಿಟ್ಟರೆ ಮುಂದಿನ ಲೆಕ್ಕವೆಲ್ಲ ಕೆಡುತ್ತದೆ.

ಮೊದಲ ವಿಭಜನೆ. ಉದ್ದದ ಕೆಂಪು ಮತ್ತು ಉದ್ದದ ನೀಲಿ ಅಕ್ಕಪಕ್ಕ ಬಂದು ನಿಂತು, ಆಮೇಲೆ ಆಚೆಗೊಂದು ಈಚೆಗೊಂದು ಹೋಗುತ್ತವೆ. ಮಧ್ಯಮದವು, ಗಿಡ್ಡದವು ಸಹ ಹಾಗೆಯೇ. ಅವಳಿ ಎಳೆಗಳು ಮಾತ್ರ ಅಂಟಿಕೊಂಡೇ ಹೋಗುತ್ತವೆ. ಈಗ ಪ್ರತಿ ಕೋಶದಲ್ಲಿ 3 ಚುಕ್ಕಿ, 6 ಎಳೆ. ಎರಡನೆಯ ವಿಭಜನೆಯಲ್ಲಿ ಚುಕ್ಕಿ ಸೀಳಿ ಅವಳಿ ಎಳೆಗಳು ಬೇರೆಯಾಗುತ್ತವೆ. ಪ್ರತಿ ಎಳೆಗೂ ಈಗ ತನ್ನದೇ ಚುಕ್ಕಿ. ಆದ್ದರಿಂದ ನಾಲ್ಕು ಕೋಶಗಳಲ್ಲೂ 3 ಚುಕ್ಕಿ, 3 ಎಳೆ. ಒಂದೂವರೆ ಎಲ್ಲೂ ಬರಲಿಲ್ಲ, ನೋಡಿ.

ಮನುಷ್ಯರಿಗೆ ಇದನ್ನೇ ಹಚ್ಚಿದರೆ 46 ವರ್ಣತಂತು 46 ಎಳೆ. ನಕಲಾದ ಮೇಲೆ 46 ವರ್ಣತಂತು 92 ಎಳೆ. ಮೊದಲ ವಿಭಜನೆಯ ನಂತರ 23 ವರ್ಣತಂತು 46 ಎಳೆ. ಎರಡನೆಯದರ ನಂತರ 23 ವರ್ಣತಂತು 23 ಎಳೆ. ಡಿಎನ್‌ಎ ತೂಕದಲ್ಲಿ ಹೇಳಬೇಕಾದರೆ ಸುಮಾರು 6.5 ಪಿಕೋಗ್ರಾಂ (ಗ್ರಾಂನ ಲಕ್ಷ ಕೋಟಿಯಲ್ಲೊಂದು ಪಾಲು ಒಂದು ಪಿಕೋಗ್ರಾಂ) ಇದ್ದದ್ದು 13ಕ್ಕೆ ಏರಿ, ಮತ್ತೆ 6.5ಕ್ಕೆ ಇಳಿದು, ಕೊನೆಗೆ ಸುಮಾರು 3.25 ಆಗುತ್ತದೆ. ಪ್ರಶ್ನೆ ಕೇಳಿದವರ ಮನಸ್ಸಿನಲ್ಲಿದ್ದ "ಎರಡು ಸಲ ಅರ್ಧ" ನಿಜವಾಗಿ ನಡೆಯುವುದು ಈ ತೂಕದಲ್ಲಿ, 13ರಿಂದ 3.25ಕ್ಕೆ. ವರ್ಣತಂತುಗಳ ಸಂಖ್ಯೆ ಅರ್ಧವಾಗುವುದು ಒಂದೇ ಸಲ.

ಮೈಟಾಸಿಸ್‌ನಲ್ಲಿ, ಅಂದರೆ ಚರ್ಮ, ಕರುಳು, ಬೇರಿನ ತುದಿಯಂಥ ಕಡೆ ನಡೆಯುವ ಮಾಮೂಲಿ ವಿಭಜನೆಯಲ್ಲಿ, ಜೋಡಿ ಕಟ್ಟುವ ಹಂತವೇ ಇಲ್ಲ. ಕೆಂಪು, ನೀಲಿ ಎಲ್ಲವೂ ಒಂದೇ ಸಾಲಿನಲ್ಲಿ ನಿಂತು ಅವಳಿ ಎಳೆಗಳು ಬೇರೆಯಾಗುತ್ತವೆ. 46 ಇದ್ದದ್ದು 46ರಲ್ಲೇ ಉಳಿಯುತ್ತದೆ.

ಇನ್ನು ಗಂಡು ಕಾಡುಕುರಿಗೆ ಬನ್ನಿ. ಅದರ ದೇಹಕೋಶದಲ್ಲಿ 7 ವರ್ಣತಂತು. ಏಳರ ಅರ್ಧ ಎಷ್ಟು? ಈ ಪ್ರಾಣಿಯಲ್ಲಿ ಎಕ್ಸ್ ವರ್ಣತಂತು 3ನೆಯದರ ಜೊತೆ ಬೆಸೆದುಕೊಂಡು ಒಂದೇ ಆಗಿಬಿಟ್ಟಿದೆ, ವೈ ಮಾತ್ರ ಬಿಡಿಯಾಗಿದೆ. ಹಾಗಾಗಿ ಗಂಡಿನಲ್ಲಿ ಬೆಸೆದ ಎಕ್ಸ್-3 ಒಂದು, ಬೆಸೆಯದ 3 ಒಂದು, ವೈ ಒಂದು. ಈ ಮೂರೂ ಒಟ್ಟಿಗೆ ಸೇರಿ ಜೋಡಿಯ ಬದಲು ಮೂವರ ಗುಂಪಾಗುತ್ತವೆ. ಬೇರೆಯಾಗುವಾಗ ಬೆಸೆದದ್ದು ಒಂದು ಕಡೆ, ಉಳಿದ ಎರಡು ಇನ್ನೊಂದು ಕಡೆ. ಪರಿಣಾಮವಾಗಿ ಕೆಲವು ವೀರ್ಯಾಣುಗಳಲ್ಲಿ 3, ಕೆಲವುಗಳಲ್ಲಿ 4. ಅಂಡದ 3ರ ಜೊತೆ 3 ಕೂಡಿದರೆ ಹೆಣ್ಣು ಮರಿ, 4 ಕೂಡಿದರೆ ಗಂಡು ಮರಿ. ಸಂಖ್ಯೆ ಸಮವಾಗಿ ಹಂಚಲಿಲ್ಲ, ಆದರೂ ಎರಡೂ ಬಗೆಯ ವೀರ್ಯಾಣುವಿನಲ್ಲಿ ಕಟ್ಟು ಪೂರ್ತಿ ಇದೆ.

ಜೋಡಿಯನ್ನು ಹಿಡಿದಿಡುವ ಅಂಟು

ಕಾಗದದ ಮೇಲೆ ಕೆಂಪು, ನೀಲಿ ಗೆರೆಗಳನ್ನು ಅಕ್ಕಪಕ್ಕ ತಂದು ನಿಲ್ಲಿಸುವುದು ಸುಲಭ. ಕೋಶದೊಳಗೆ ಅಮ್ಮನ 9, ಅಪ್ಪನ 9 ಒಂದನ್ನೊಂದು ಹುಡುಕಿಕೊಳ್ಳಬೇಕು, ಸಮಯ ಬರುವವರೆಗೆ ಬಿಡದೆ ಹಿಡಿದಿರಬೇಕು. ಇದಕ್ಕಾಗಿ ಕೋಶ ಮಾಡುವ ಕೆಲಸ ಕೇಳಿದರೆ ಅಚ್ಚರಿಯಾಗುತ್ತದೆ: ತನ್ನ ಡಿಎನ್‌ಎಯನ್ನು ತಾನೇ ಕತ್ತರಿಸಿಕೊಳ್ಳುತ್ತದೆ. ಸ್ಪೋ11 ಎಂಬ ಪ್ರೋಟೀನು ಅಲ್ಲಲ್ಲಿ ಡಿಎನ್‌ಎಯಲ್ಲಿ ಹೆಣೆದುಕೊಂಡಿರುವ ಎರಡೂ ನೂಲುಗಳನ್ನು ತುಂಡರಿಸುತ್ತದೆ. ಆ ತುಂಡನ್ನು ಸರಿಪಡಿಸಲು ಕೋಶ ಜೊತೆಗಾರ ವರ್ಣತಂತುವನ್ನು ಮಾದರಿಯಾಗಿ ಬಳಸುತ್ತದೆ. ಹೀಗೆ ಸರಿಪಡಿಸುವಾಗ ಕೆಲವು ಕಡೆ ಅಮ್ಮನ ತುಂಡು ಅಪ್ಪನದಕ್ಕೆ, ಅಪ್ಪನದು ಅಮ್ಮನದಕ್ಕೆ ಅದಲುಬದಲಾಗಿ ಬೆಸೆದುಕೊಳ್ಳುತ್ತದೆ. ಇದೇ ಅಡ್ಡಹಾಯುವಿಕೆ, ಕ್ರಾಸಿಂಗ್ ಓವರ್. ಒಂದು ವೀರ್ಯಾಣು ಆಗುವಾಗ ಇಂಥ ಅದಲುಬದಲು ಸರಾಸರಿ 26ರಷ್ಟು, ಒಂದು ಅಂಡ ಆಗುವಾಗ 40ರ ಆಸುಪಾಸು.

ಅಡ್ಡಹಾಯುವಿಕೆ ವೈವಿಧ್ಯಕ್ಕಾಗಿ ಎಂದಷ್ಟೇ ಬಹಳ ಕಡೆ ಓದುತ್ತೇವೆ. ಅದು ಅರ್ಧ ಮಾತು. ಹೆಣೆದುಕೊಂಡ ಆ ಗಂಟೇ ಜೋಡಿಯನ್ನು ಕೂಡಿಸಿ ಇಡುವುದು. ಗಂಟು ಬೀಳದ ಜೋಡಿ ಕೈಬಿಟ್ಟ ಹಾಗೆ, ಎರಡೂ ಒಂದೇ ಕಡೆಗೆ ಹೋಗಿಬಿಡಬಹುದು. ಗಿಡ್ಡವಾದ 21ನೆಯ ವರ್ಣತಂತುವಿನಲ್ಲಿ ಗಂಟಿಗೆ ಇರುವ ಜಾಗವೇ ಕಡಿಮೆ. ಅದು ಆಗಾಗ ಎಡವುವುದಕ್ಕೆ ಇದೂ ಒಂದು ಕಾರಣ. ಗಂಟಿಲ್ಲದೆ ನಡೆಸಿಕೊಂಡು ಹೋಗುವ ಜೀವಿಗಳೂ ಇವೆ. ರೇಷ್ಮೆಹುಳುವಿನ ದೇಹಕೋಶದಲ್ಲಿ 56, ಮೊಟ್ಟೆಯಲ್ಲಿ 28. ಹೆಣ್ಣು ಪತಂಗದಲ್ಲಿ ಅಡ್ಡಹಾಯುವಿಕೆ ನಡೆಯುವುದೇ ಇಲ್ಲ. ಜೋಡಿಗಳ ನಡುವೆ ಕಟ್ಟಿದ ಪ್ರೋಟೀನಿನ ಏಣಿಯನ್ನೇ ಅದು ಕೊನೆಯವರೆಗೆ ಬಿಚ್ಚದೆ ಉಳಿಸಿಕೊಂಡು ಅವುಗಳನ್ನು ಹಿಡಿದಿಡುತ್ತದೆ.

ಎರಡನೆಯ ಅಂಟು ಕೊಹೆಸಿನ್. ಅವಳಿ ಎಳೆಗಳನ್ನು ಉದ್ದಕ್ಕೂ ಉಂಗುರದಂತೆ ಸುತ್ತಿ ಹಿಡಿಯುವ ಪ್ರೋಟೀನು ಇದು. ಮೈಟಾಸಿಸ್‌ನಲ್ಲಿ ಎಳೆಗಳು ಬೇರೆಯಾಗಬೇಕಾದ ಹೊತ್ತಿಗೆ ಈ ಅಂಟು ಎಲ್ಲ ಕಡೆಯಿಂದಲೂ ಹೋಗಿಬಿಟ್ಟಿರುತ್ತದೆ. ಮಿಯಾಸಿಸ್‌ನಲ್ಲಿ ಕತ್ತರಿಸುವ ಕೆಲಸ ಎರಡು ಕಂತಿನಲ್ಲಿ. ಮೊದಲ ಕಂತಿನಲ್ಲಿ ತೋಳುಗಳ (ಚುಕ್ಕಿಯ ಎರಡೂ ಬದಿಗೆ ಚಾಚಿದ ಭಾಗಗಳ) ಮೇಲಿನ ಉಂಗುರಗಳು ಮಾತ್ರ ಹೋಗುತ್ತವೆ, ಗಂಟು ಬಿಚ್ಚಿ ಜೋಡಿಗಳು ಬೇರೆಯಾಗುತ್ತವೆ. ಸೆಂಟ್ರೋಮಿಯರ್ ಬಳಿಯ ಉಂಗುರಗಳನ್ನು ಶುಗೋಶಿನ್ ಎಂಬ ಇನ್ನೊಂದು ಪ್ರೋಟೀನು ಕಾಯುತ್ತದೆ. ಜಪಾನಿ ಭಾಷೆಯಲ್ಲಿ ಆ ಹೆಸರಿಗೆ ಕಾವಲು ದೈವ ಎಂದರ್ಥ. ಎರಡನೆಯ ವಿಭಜನೆಯ ಹೊತ್ತಿಗೆ ಕಾವಲು ಸರಿಯುತ್ತದೆ, ಉಳಿದ ಉಂಗುರಗಳೂ ಹೋಗಿ ಅವಳಿಗಳು ಬಿಡುತ್ತವೆ. ಒಂದೇ ಸಲ ನಕಲು ಮಾಡಿ ಎರಡು ಸಲ ಹಂಚಲು ಸಾಧ್ಯವಾಗುವುದು ಈ ಎರಡು ಕಂತಿನ ವ್ಯವಸ್ಥೆಯಿಂದ.

ಯಾವ ಜೋಡಿಯ ಕೆಂಪು ಎತ್ತ ಹೋಗುತ್ತದೆ ಎನ್ನುವುದನ್ನು ಬೇರೆ ಜೋಡಿ ನಿರ್ಧರಿಸುವುದಿಲ್ಲ. 23 ಜೋಡಿಗೆ 2ರ 23ನೆಯ ಘಾತ, ಅಂದರೆ 83,88,608 ಬಗೆಯ ಕಟ್ಟುಗಳು ಸಾಧ್ಯ. ಅಡ್ಡಹಾಯುವಿಕೆಯನ್ನು ಸೇರಿಸದೆ ಬಂದ ಲೆಕ್ಕ ಇದು.

ದೇಹದಲ್ಲಿ ಎಲ್ಲಿ, ಯಾವಾಗ

ವೃಷಣದಲ್ಲಿರುವ ಎಲ್ಲ ಕೋಶದಲ್ಲೂ 23 ಎಂದು ತಿಳಿಯಬಾರದು. ವೀರ್ಯಾಣುಗಳ ಮೂಲಕೋಶದಲ್ಲಿ 46 ಇದ್ದು, ಅವು ಮೈಟಾಸಿಸ್‌ನಿಂದಲೇ ವೃದ್ಧಿಯಾಗುತ್ತವೆ. ಅವುಗಳಲ್ಲಿ ಒಂದು ಪಾಲು ಮಿಯಾಸಿಸ್‌ಗೆ ಇಳಿದು, ಒಂದೊಂದರಿಂದ ನಾಲ್ಕು ವೀರ್ಯಾಣುಗಳಾಗುತ್ತವೆ. ಶುರುವಿನಿಂದ ಕೊನೆಗೆ ಎರಡೂವರೆ ತಿಂಗಳ ಹತ್ತಿರ ಹಿಡಿಯುತ್ತದೆ. ಹದಿಹರೆಯದಿಂದ ಮುಪ್ಪಿನವರೆಗೂ ಈ ಕೆಲಸ ನಿಲ್ಲದೆ ನಡೆಯುತ್ತದೆ.

ಅಂಡದ ಕಥೆ ಬೇರೆ. ಹೆಣ್ಣು ಮಗು ಇನ್ನೂ ತಾಯಿಯ ಗರ್ಭದಲ್ಲಿರುವಾಗಲೇ ಅದರ ಅಂಡಾಶಯದಲ್ಲಿ ಮಿಯಾಸಿಸ್ ಶುರುವಾಗಿ, ಜೋಡಿಗಳು ಕೂಡಿ, ಗಂಟು ಬಿದ್ದು, ಅಲ್ಲೇ ನಿಂತುಬಿಡುತ್ತದೆ. ಐದನೆಯ ತಿಂಗಳ ಸುಮಾರಿಗೆ 60-70 ಲಕ್ಷ ಇರುವ ಅಂಡಕೋಶಗಳು ಹುಟ್ಟುವ ಹೊತ್ತಿಗೆ 10-20 ಲಕ್ಷಕ್ಕೆ, ಮೈನೆರೆಯುವ ಹೊತ್ತಿಗೆ 3-4 ಲಕ್ಷಕ್ಕೆ ಇಳಿದಿರುತ್ತವೆ. ಜೀವಮಾನದಲ್ಲಿ ಹೊರಗೆ ಬರುವುದು 400-500. ಪ್ರತಿ ತಿಂಗಳು ಬಿಡುಗಡೆಯಾಗುವ ಅಂಡ ಅದಕ್ಕೆ ಕೆಲವೇ ಗಂಟೆ ಮುಂಚೆ ತನ್ನ ಮೊದಲ ವಿಭಜನೆ ಮುಗಿಸುತ್ತದೆ. ಒಂದು ಕಟ್ಟನ್ನು ಧ್ರುವಕಾಯ ಎಂಬ ಪುಟ್ಟ ಕೋಶದಲ್ಲಿ ಹೊರಗಿಟ್ಟು, ಪೋಷಕಾಂಶವನ್ನೆಲ್ಲ ತಾನೇ ಉಳಿಸಿಕೊಳ್ಳುತ್ತದೆ. ಎರಡನೆಯ ವಿಭಜನೆಯನ್ನು ನಡುವಿನಲ್ಲೇ ನಿಲ್ಲಿಸಿ ಕಾಯುತ್ತದೆ. ವೀರ್ಯಾಣು ಒಳಹೊಕ್ಕರೆ ಮಾತ್ರ ಅದು ಪೂರ್ತಿಯಾಗಿ ಎರಡನೆಯ ಧ್ರುವಕಾಯ ಹೊರಬೀಳುತ್ತದೆ. ಅಂದರೆ ಬಿಡುಗಡೆಯಾದ ಅಂಡದಲ್ಲಿ ವರ್ಣತಂತು 23 ಇದ್ದರೂ ಎಳೆ ಇನ್ನೂ 46. ಒಂಟಿ ಎಳೆಯ 23 ಇರುವ ಅಂಡ, ವೀರ್ಯಾಣು ಒಳಗೆ ಬರುವ ಮುಂಚೆ, ಮನುಷ್ಯರಲ್ಲಿ ಇರುವುದೇ ಇಲ್ಲ. ಪಾಠಪುಸ್ತಕದ ಚಿತ್ರಗಳಲ್ಲಿ ಇದು ಸಾಮಾನ್ಯವಾಗಿ ಬಿಟ್ಟುಹೋಗುತ್ತದೆ.

ಒಂದು ಮಾತನ್ನು ಇಲ್ಲಿಯೇ ಹೇಳಬೇಕು. ಅಂಡದ 23ರಲ್ಲಿ ಇರುವುದು ಯಾವಾಗಲೂ ಎಕ್ಸ್. ವೀರ್ಯಾಣುಗಳಲ್ಲಿ ಅರ್ಧದಷ್ಟರಲ್ಲಿ ಎಕ್ಸ್, ಅರ್ಧದಷ್ಟರಲ್ಲಿ ವೈ. ಹುಟ್ಟುವ ಮಗು ಗಂಡೋ ಹೆಣ್ಣೋ ಎನ್ನುವುದು ಯಾವ ವೀರ್ಯಾಣು ಸೇರಿತು ಎಂಬುದರ ಮೇಲಿದೆ. ಹೆಣ್ಣು ಹೆತ್ತಳೆಂದು ಸೊಸೆಯನ್ನು ದೂರುವ ಮನೆಗಳು ಇವತ್ತಿಗೂ ಇರುವುದರಿಂದ ಈ ಸಾಲನ್ನು ಗಟ್ಟಿಯಾಗಿಯೇ ಬರೆಯಬೇಕಾಗಿದೆ.

ದೇಹಕೋಶಗಳೆಲ್ಲದರಲ್ಲೂ 46 ಎನ್ನುವುದಕ್ಕೂ ಅಪವಾದಗಳಿವೆ. ಬಲಿತ ಕೆಂಪು ರಕ್ತಕಣದಲ್ಲಿ ಕೋಶಕೇಂದ್ರವೇ ಇಲ್ಲ, ಹಾಗಾಗಿ ವರ್ಣತಂತು ಸೊನ್ನೆ. ಯಕೃತ್ತಿನ ಎಷ್ಟೋ ಕೋಶಗಳಲ್ಲಿ 92 ಇರುತ್ತವೆ.

ಹಂಚಿಕೆ ತಪ್ಪಿದಾಗ

ಮೊದಲ ವಿಭಜನೆಯಲ್ಲಿ ಒಂದು ಜೋಡಿ ಬೇರೆಯಾಗದೆ ಒಂದೇ ಕಡೆ ಹೋಯಿತು ಎನ್ನಿ. ಕೊನೆಗೆ ಸಿಗುವ ನಾಲ್ಕು ಕೋಶಗಳಲ್ಲಿ ವರ್ಣತಂತುಗಳು 24, 24, 22, 22. ಸರಿಯಾದದ್ದು ಒಂದೂ ಇಲ್ಲ. ತಪ್ಪು ಎರಡನೆಯ ವಿಭಜನೆಯಲ್ಲಿ, ಒಂದು ಕೋಶದಲ್ಲಿ ಮಾತ್ರ ಆದರೆ 23, 23, 24, 22. ಪರೀಕ್ಷೆಯಲ್ಲಿ ಈ ಎರಡರ ವ್ಯತ್ಯಾಸ ಕೇಳುವುದುಂಟು.

24 ಇರುವ ಅಂಡಕ್ಕೆ 23ರ ವೀರ್ಯಾಣು ಸೇರಿದರೆ 47. ಹೆಚ್ಚಿನವು ಗರ್ಭದ ಮೊದಲ ವಾರಗಳಲ್ಲೇ ನಿಂತುಹೋಗುತ್ತವೆ. ಮೊದಲ ಮೂರು ತಿಂಗಳಲ್ಲಿ ಆಗುವ ಗರ್ಭಪಾತಗಳಲ್ಲಿ ಅರ್ಧದಷ್ಟಕ್ಕೆ ವರ್ಣತಂತು ಸಂಖ್ಯೆಯ ಏರುಪೇರೇ ಕಾರಣ. ಭಾರ ಎತ್ತಿದ್ದು, ಪ್ರಯಾಣ ಮಾಡಿದ್ದು, ಪಪ್ಪಾಯಿ ತಿಂದದ್ದು ಎಂದು ಹೆಂಗಸರು ತಮ್ಮನ್ನೇ ಹಳಿದುಕೊಳ್ಳುತ್ತಾರೆ. ಇಂಥ ಗರ್ಭಗಳಲ್ಲಿ ತಪ್ಪು ಅದಕ್ಕೆಲ್ಲ ಬಹಳ ಮೊದಲೇ, ಲಿಂಗಾಣು ಆಗುವಾಗಲೇ ನಡೆದಿರುತ್ತದೆ.

ಹುಟ್ಟಿ ಬದುಕುವವುಗಳಲ್ಲಿ ಹೆಚ್ಚು ಪರಿಚಿತವಾದದ್ದು ಡೌನ್ ಸಿಂಡ್ರೋಮ್, 21ನೆಯದು ಮೂರು ಇರುವ ಸ್ಥಿತಿ. ಪ್ಯಾರಿಸ್‌ನಲ್ಲಿ ಮಾರ್ಥ್ ಗೋತಿಯೆ, ಜೆರೋಮ್ ಲೆಜೂನ್ ಮತ್ತು ರೇಮೋ ಟುರ್ಪಾ 1959ರಲ್ಲಿ ಇದನ್ನು ಪ್ರಕಟಿಸಿದರು. ಹೆಚ್ಚುವರಿ 21 ಬರುವುದು ಸುಮಾರು 90% ಸಂದರ್ಭಗಳಲ್ಲಿ ಅಂಡದಿಂದ. ತಾಯಿಗೆ 20 ವರ್ಷವಿದ್ದಾಗ ಸುಮಾರು 1500 ಹೆರಿಗೆಗೆ ಒಂದು, 35ರಲ್ಲಿ ಸುಮಾರು 350ಕ್ಕೆ ಒಂದು, 40ರಲ್ಲಿ ಸುಮಾರು 100ಕ್ಕೆ ಒಂದು. ಕಾರಣ ಮೇಲೆ ಹೇಳಿದ ಅಂಟಿನಲ್ಲಿದೆ. 40 ವರ್ಷದ ಹೆಂಗಸಿನ ಅಂಡದಲ್ಲಿ ಆ ಕೊಹೆಸಿನ್ ಉಂಗುರಗಳು ಆಕೆ ಹುಟ್ಟುವ ಮುಂಚಿನಿಂದ ಜೋಡಿಯನ್ನು ಹಿಡಿದು ನಿಂತಿವೆ. ಅವು ಸವೆಯುತ್ತವೆ. ವೀರ್ಯಾಣುಗಳು ಹೊಸದಾಗಿ ಆಗುತ್ತಲೇ ಇರುವುದರಿಂದ ಅಲ್ಲಿ ಈ ಸವೆತ ಕಡಿಮೆ. ಆದರೆ ಗಂಡಸು ಇದರಿಂದ ಪೂರ್ತಿ ಹೊರತಲ್ಲ. ಎಕ್ಸ್, ವೈ ಬೇರೆಯಾಗದೆ ಎರಡೂ ಒಂದೇ ವೀರ್ಯಾಣುವಿಗೆ ಹೋದರೆ 47, ಎಕ್ಸ್‌ಎಕ್ಸ್‌ವೈ ಇರುವ ಮಗು, ಅಂದರೆ ಕ್ಲೈನ್‌ಫೆಲ್ಟರ್ ಸ್ಥಿತಿ. ಇದರಲ್ಲಿ ಹೆಚ್ಚುವರಿ ಎಕ್ಸ್ ಸರಿಸುಮಾರು ಅರ್ಧದಷ್ಟು ಸಲ ತಂದೆಯ ಕಡೆಯಿಂದ ಬಂದಿರುತ್ತದೆ. ಒಂದೇ ಎಕ್ಸ್ ಇದ್ದು ಒಟ್ಟು 45 ಆದರೆ ಟರ್ನರ್ ಸ್ಥಿತಿ.

45 ಇದ್ದೂ ಪೂರ್ತಿ ಆರೋಗ್ಯವಾಗಿರುವವರೂ ಇದ್ದಾರೆ. ಅವರಲ್ಲಿ 14 ಮತ್ತು 21 ಬೆಸೆದು ಒಂದಾಗಿರುತ್ತವೆ. ಚುಕ್ಕಿ ಒಂದು ಕಡಿಮೆ, ಬೇಕಾದ ಮಾಹಿತಿ ಪೂರ್ತಿ. ತೊಂದರೆ ಬರುವುದು ಅವರ ಲಿಂಗಾಣುಗಳಲ್ಲಿ. ಬೆಸೆದ 14-21ರ ಜೊತೆ ಬಿಡಿ 21 ಕೂಡ ಹೋದರೆ ಸಂಖ್ಯೆ 23 ಎಂದೇ ಕಾಣುತ್ತದೆ, ಆದರೆ 21ರ ಮಾಹಿತಿ ಎರಡು ಪ್ರತಿ ಇರುತ್ತದೆ. ಮಗುವಿನಲ್ಲಿ ಒಟ್ಟು 46, ಆದರೂ ಡೌನ್ ಸಿಂಡ್ರೋಮ್. ಡೌನ್ ಇರುವ ಮಕ್ಕಳಲ್ಲಿ 3-4% ಈ ಬಗೆಯವರು. ಅದಕ್ಕೇ ಮೊದಲ ಮಗುವಿಗೆ ಡೌನ್ ಇದ್ದು ಇನ್ನೊಂದು ಮಗು ಬಯಸುವ ದಂಪತಿಗೆ ವೈದ್ಯರು ಮಗುವಿನ ಕ್ಯಾರಿಯೋಟೈಪ್ ಪರೀಕ್ಷೆಯ, ಅಂದರೆ ವರ್ಣತಂತುಗಳನ್ನು ಎಣಿಸಿ ನೋಡುವ ಪರೀಕ್ಷೆಯ, ವರದಿ ಕೇಳುತ್ತಾರೆ. ಅದರಲ್ಲಿ ಬೆಸುಗೆ ಕಂಡರೆ ತಂದೆತಾಯಿ ಇಬ್ಬರ ರಕ್ತವನ್ನೂ ಪರೀಕ್ಷಿಸುತ್ತಾರೆ.

ಆ ಪರೀಕ್ಷೆಗೆ ರಕ್ತ ಕೊಡುವವರು ತಿಳಿದಿರಬೇಕಾದ ಒಂದೆರಡು ವಿಷಯ. ರಕ್ತವನ್ನು ಸೋಡಿಯಂ ಹೆಪಾರಿನ್ ಇರುವ ಹಸಿರು ಮುಚ್ಚಳದ ಕೊಳವೆಯಲ್ಲೇ ತೆಗೆದುಕೊಳ್ಳಬೇಕು. ಮಾಮೂಲಿ ರಕ್ತಪರೀಕ್ಷೆಯ ನೇರಳೆ ಮುಚ್ಚಳದ ಕೊಳವೆಯಲ್ಲಿರುವ ಇಡಿಟಿಎ ಕೋಶಗಳು ಬೆಳೆಯದಂತೆ ಮಾಡಬಹುದು. ಮಾದರಿಯನ್ನು ಫ್ರೀಜರ್‌ನಲ್ಲಿಟ್ಟು ಮಂಜುಗಡ್ಡೆಯಾಗಿಸಬಾರದು, ಕೋಶಗಳು ಜೀವಂತವಾಗಿರಬೇಕು. ಬಿಳಿ ರಕ್ತಕಣಗಳನ್ನು ಸುಮಾರು 72 ಗಂಟೆ ಬೆಳೆಸಿ, ವಿಭಜನೆಯ ನಡುವೆ ತಡೆದು ನಿಲ್ಲಿಸಿ, ತೆಳು ಉಪ್ಪಿನ ದ್ರಾವಣದಲ್ಲಿ ಉಬ್ಬಿಸಿ, ಬಣ್ಣ ಹಾಕಿ, ಸಾಮಾನ್ಯವಾಗಿ 20 ಕೋಶಗಳಲ್ಲಿ ಎಣಿಸುತ್ತಾರೆ. ವರದಿ ಬರಲು ದಿನಗಳಾಗುವುದು ಇದಕ್ಕೇ. ಗರ್ಭದ ಶಿಶುವಿನ ಪರೀಕ್ಷೆಯಾಗಿದ್ದರೆ ಲಿಂಗ ಯಾವುದೆಂದು ಕೇಳುವುದೂ ಹೇಳುವುದೂ 1994ರ ಕಾನೂನಿನಡಿ ಅಪರಾಧ.

ಹೊಲ, ತೋಟ, ಜೇನುಪೆಟ್ಟಿಗೆಯ ಲೆಕ್ಕ

ರಾಗಿಯ ಎಲೆಯ ಕೋಶದಲ್ಲಿ 36, ಪರಾಗದಲ್ಲಿ 18. ಇಲ್ಲಿ 18 ಎಂದರೆ ಒಂದೇ ಕಟ್ಟಲ್ಲ, 9ರ ಎರಡು ಬೇರೆ ಬೇರೆ ಕಟ್ಟು. ಎರಡು ಕಾಡುಹುಲ್ಲುಗಳ ವರ್ಣತಂತುಗಳು ಬಹಳ ಹಿಂದೆ ಕೂಡಿ ಆದ ಬೆಳೆ ಅದು. ಲಿಂಗಾಣುವಿನಲ್ಲಿ ದೇಹಕೋಶದ ಅರ್ಧ ಇರುತ್ತದೆ ಎನ್ನುವುದು ರಾಗಿಗೂ ಸರಿ, ಆದರೆ ಲಿಂಗಾಣು ಎಂದರೆ ಒಂದು ಕಟ್ಟು ಎನ್ನುವುದು ರಾಗಿಗೆ ಹೊಂದುವುದಿಲ್ಲ.

ಚಿಕ್ಕಮಗಳೂರು, ಕೊಡಗಿನ ತೋಟದಲ್ಲಿ ಅರೇಬಿಕಾ ಕಾಫಿಗೆ 44, ರೊಬಸ್ಟಾಗೆ 22. ಅರೇಬಿಕಾದ 22 ಮತ್ತು ರೊಬಸ್ಟಾದ 11 ಕೂಡಿದರೆ 33ರ ಗಿಡ. ಜೊತೆ ಸಿಗದ ವರ್ಣತಂತುಗಳು ಅತ್ತಿತ್ತ ಹಂಚಿಹೋಗುವುದರಿಂದ ಅಂಥ ಗಿಡದಲ್ಲಿ ಕಾಳು ಸರಿಯಾಗಿ ಕಚ್ಚುವುದಿಲ್ಲ.

ಇದೇ ದೋಷ ಬಾಳೆಯಲ್ಲಿ ನಮಗೆ ವರ. ನಂಜನಗೂಡು ರಸಬಾಳೆಯಲ್ಲಿ 11ರ ಮೂರು ಕಟ್ಟು, ಒಟ್ಟು 33. ಪಚ್ಚಬಾಳೆಯಲ್ಲೂ 33. ಮಿಯಾಸಿಸ್‌ನಲ್ಲಿ ಪ್ರತಿ ನಂಬರಿನ ಮೂರರಲ್ಲಿ ಎರಡು ಒಂದು ಕಡೆ, ಒಂದು ಇನ್ನೊಂದು ಕಡೆ ಹೋಗುತ್ತದೆ ಎಂದಿಟ್ಟುಕೊಳ್ಳಿ. ಹನ್ನೊಂದೂ ನಂಬರುಗಳ "ಎರಡು" ಒಂದೇ ಕಡೆಗೆ ಹೋಗಿ ಸರಿಯಾದ 22 ಮತ್ತು 11 ಸಿಗುವ ಸಂಭವ 1024ಕ್ಕೆ ಒಂದು. ಉಳಿದೆಲ್ಲ ಸಲವೂ ಕಟ್ಟು ಹರುಕು, ಹಾಗಾಗಿ ಬೀಜವಿಲ್ಲ, ಬಾಳೆಯನ್ನು ಕಂದು ನೆಟ್ಟೇ ಬೆಳೆಸಬೇಕು. ಪರಾಗ ಬೀಳದೆಯೂ ಕಾಯಿ ದಪ್ಪವಾಗುವ ಗುಣ ಬಾಳೆಗೆ ಬೇರೆಯಾಗಿ ಇದೆ. ಬೀಜವಿಲ್ಲದ ಕಲ್ಲಂಗಡಿಗೆ (ಅದೂ 33) ಆ ಗುಣ ಇಲ್ಲ. ಮೂರು-ನಾಲ್ಕು ಗಿಡಕ್ಕೆ ಒಂದರಂತೆ 22ರ ಮಾಮೂಲಿ ಕಲ್ಲಂಗಡಿಯನ್ನು ಪರಾಗಕ್ಕಾಗಿ ನೆಡದಿದ್ದರೆ ಕಾಯಿಯೇ ನಿಲ್ಲುವುದಿಲ್ಲ.

ಜೇನಿನಲ್ಲಿ ಇಡೀ ನಿಯಮವೇ ಬೇರೆ ರೂಪ ತಾಳುತ್ತದೆ. ರಾಣಿ ಮತ್ತು ಕೆಲಸಗಾರ ನೊಣಗಳಲ್ಲಿ 32. ಗಂಡು ನೊಣ ಹುಟ್ಟುವುದು ಫಲಿತವಾಗದ ಮೊಟ್ಟೆಯಿಂದ, ಅದರ ದೇಹಕೋಶದಲ್ಲೇ 16. ಅದರ ವೀರ್ಯಾಣುವಿನಲ್ಲಿ 8 ಇರಬೇಕೆ? ಇಲ್ಲ, ಅಲ್ಲೂ 16. ಜೋಡಿಯೇ ಇಲ್ಲದ ಮೇಲೆ ಬೇರೆಯಾಗಲು ಏನೂ ಇಲ್ಲ. ಮೊದಲ ವಿಭಜನೆ ಹೆಸರಿಗೆ ಶುರುವಾಗಿ, ಕೋಶಕೇಂದ್ರವಿಲ್ಲದ ಪುಟ್ಟ ಗುಳ್ಳೆಯೊಂದನ್ನು ಹೊರಹಾಕಿ ನಿಂತುಹೋಗುತ್ತದೆ. ಒಂದು ಗಂಡು ನೊಣದ ವೀರ್ಯಾಣುಗಳೆಲ್ಲ ಒಂದೇ ಅಚ್ಚು.

ಎಣಿಸಿ ನೋಡುವುದು ಹೇಗೆ

ಈರುಳ್ಳಿಯ ದೇಹಕೋಶದಲ್ಲಿ 16 ವರ್ಣತಂತು. ಕಾಲೇಜಿನ ಪ್ರಯೋಗಾಲಯದಲ್ಲಿ ಎರಡೂ ಬಗೆಯ ವಿಭಜನೆಯನ್ನು ಈ ಒಂದೇ ಗಿಡದಲ್ಲಿ ನೋಡಬಹುದು. ಬೇರಿಗಾಗಿ ಗಡ್ಡೆಯ ಬುಡ ಮಾತ್ರ ನೀರಿಗೆ ತಾಗುವಂತೆ ಇಟ್ಟರೆ ಕೆಲವೇ ದಿನದಲ್ಲಿ 2-3 ಸೆಂ.ಮೀ. ಬೇರು ಬರುತ್ತದೆ. ಬೆಳಿಗ್ಗೆ ಎಂಟೂವರೆಯಿಂದ ಹತ್ತರೊಳಗೆ ಕತ್ತರಿಸಿ, ಒಂದು ಪಾಲು ಅಸಿಟಿಕ್ ಆಮ್ಲಕ್ಕೆ ಮೂರು ಪಾಲು ಆಲ್ಕೋಹಾಲ್ ಬೆರೆಸಿದ ದ್ರಾವಣದಲ್ಲಿ 24 ಗಂಟೆ ಇಡಿ. ತುದಿಯ 2-3 ಮಿ.ಮೀ. ಮಾತ್ರ ಬೇಕು. ಒಂದು ಹನಿ ತೆಳು ಹೈಡ್ರೋಕ್ಲೋರಿಕ್ ಆಮ್ಲ, ಎರಡು-ಮೂರು ಹನಿ ಅಸಿಟೋಕಾರ್ಮಿನ್ ಎಂಬ ಬಣ್ಣ ಹಾಕಿ, ಸ್ಪಿರಿಟ್ ದೀಪದ ಮೇಲೆ ಕುದಿಯದಂತೆ ಬೆಚ್ಚಗೆ ಮಾಡಿ, ಐದು-ಹತ್ತು ನಿಮಿಷ ಬಿಟ್ಟು, ಕವರ್‌ಸ್ಲಿಪ್ ಮೇಲಿಂದ ಹೆಬ್ಬೆರಳಿನಲ್ಲಿ ನೇರವಾಗಿ ಒತ್ತಿ. ಜಾರಿಸಿದರೆ ಕೋಶಗಳು ಸುರುಳಿಯಾಗಿ ಹಾಳಾಗುತ್ತವೆ.

ಮಿಯಾಸಿಸ್ ನೋಡಲು ಬೀಜಕ್ಕೆ ಬಿಟ್ಟ ಈರುಳ್ಳಿಯ ಹೂಗೊಂಚಲು ಬೇಕು. ಅದರಲ್ಲಿ ಬೇರೆ ಬೇರೆ ವಯಸ್ಸಿನ ಮೊಗ್ಗುಗಳು ಒಟ್ಟಿಗಿರುತ್ತವೆ. ಪರಾಗಕೋಶ ಹಳದಿಯಾಗಿದ್ದರೆ ತಡವಾಯಿತು, ಒಳಗೆ ಪರಾಗ ಬಲಿತಾಗಿದೆ. ನಾಲ್ಕು ನಾಲ್ಕು ಕೋಶಗಳ ಗುಂಪೇ ಕಂಡರೂ ಸ್ವಲ್ಪ ತಡ, ಅದಕ್ಕಿಂತ ಚಿಕ್ಕ ಮೊಗ್ಗು ಆರಿಸಿ.

ಸರಿಯಾದ ಮೊಗ್ಗು ಸಿಕ್ಕರೆ ಕೋಶದೊಳಗೆ 8 ಕಪ್ಪು ಗುರುತು ಕಾಣುತ್ತವೆ. ಆಗಲೇ ಅರ್ಧವಾಯಿತು ಎಂದು ಬರೆದುಕೊಳ್ಳಬೇಡಿ. ಆ ಎಂಟರಲ್ಲಿ ಒಂದೊಂದೂ ಒಂದು ಜೋಡಿ, ಚುಕ್ಕಿ ಎಣಿಸಿದರೆ 16. ಮನುಷ್ಯರ ಲೆಕ್ಕ ತೀರ್ಮಾನವಾದದ್ದರಲ್ಲೂ ಇಂಥ ಎಣಿಕೆಯ ಪಾಲಿದೆ. 1923ರಲ್ಲಿ ಥಿಯೋಫಿಲಸ್ ಪೇಂಟರ್ ವೃಷಣದ ತೆಳು ಸೀಳುಗಳಲ್ಲಿ ಎಣಿಸಿ 48 ಎಂದರು. ಒಂದರ ಮೇಲೊಂದು ಬಿದ್ದ ಎಳೆಗಳನ್ನು ಬಿಡಿಸಿ ನೋಡುವ ಉಪಾಯ ಆಗ ಇರಲಿಲ್ಲ, ಮೂವತ್ತು ವರ್ಷ ಪುಸ್ತಕಗಳಲ್ಲಿ ಅದೇ ನಿಂತಿತು. ತೆಳು ಉಪ್ಪುನೀರಿನಲ್ಲಿ ಕೋಶವನ್ನು ಉಬ್ಬಿಸುವ ವಿಧಾನ 1950ರ ದಶಕದಲ್ಲಿ ಬಂದ ಮೇಲೆ, ಸ್ವೀಡನ್ನಿನ ಲುಂಡ್‌ನಲ್ಲಿ ಜೋ ಹಿನ್ ಟಿಯೋ ಮತ್ತು ಆಲ್ಬರ್ಟ್ ಲೆವಾನ್ ಭ್ರೂಣದ ಶ್ವಾಸಕೋಶದ ಕೋಶಗಳಲ್ಲಿ 46 ಎಣಿಸಿ 1956ರಲ್ಲಿ ಪ್ರಕಟಿಸಿದರು. ಅದೇ ವರ್ಷ ಇಂಗ್ಲೆಂಡಿನಲ್ಲಿ ಚಾರ್ಲ್ಸ್ ಫೋರ್ಡ್ ಮತ್ತು ಜಾನ್ ಹ್ಯಾಮರ್ಟನ್ ವೃಷಣದ ಕೋಶಗಳಲ್ಲಿ ಮೊದಲ ವಿಭಜನೆಯ ಹೊತ್ತಿನ ಗುರುತುಗಳನ್ನು ಎಣಿಸಿದರು. ಅವರಿಗೆ ಸಿಕ್ಕದ್ದು 24 ಅಲ್ಲ, 23 ಜೋಡಿ.